ಹುಲ್ಲು, ಬೂಟು, ಬಿಸ್ಕತ್ತು: ಒಬ್ಬ ಜನರಲ್ಲನ ಕಥೆ

ಯುದ್ಧದ ಕಥೆ ಅಂದರೆ ನಮಗೆ ನೆನಪಾಗೋದು ಕುದುರೆ ಮೇಲೆ ಕತ್ತಿ ಹಿಡಿದು ಕೂತವನು. ಆ ಕುದುರೆ ಬೆಳಿಗ್ಗೆ ಏನು ತಿಂದಿತ್ತು, ಆ ಹುಲ್ಲು ಎಲ್ಲಿಂದ ಬಂತು, ಅದಕ್ಕೆ ದುಡ್ಡು ಕೊಟ್ಟವರು ಯಾರು ಅಂತ ಯಾರೂ ಕೇಳೋದಿಲ್ಲ. ನನಗೆ ಈ ಪ್ರಶ್ನೆಗಳಲ್ಲಿ ಆಸಕ್ತಿ ಹುಟ್ಟೋಕೆ ನನ್ನ ನೌಕರಿಯೂ ಒಂದು ಕಾರಣ ಇರಬಹುದು. ಆಫೀಸಿನಲ್ಲಿ ನನ್ನದು ಸರ್ವರ್‌ಗಳನ್ನು ನೋಡಿಕೊಳ್ಳೋ ಕೆಲಸ. ಎಲ್ಲ ಸರಿಯಾಗಿ ನಡೀತಿದ್ದರೆ ನಾವು ಬದುಕಿದ್ದೇವೋ ಇಲ್ಲವೋ ಅಂತ ಕೂಡ ಯಾರಿಗೂ ಗೊತ್ತಿರಲ್ಲ. ರಾತ್ರಿ ಎರಡು ಗಂಟೆಗೆ ಏನಾದರೂ ನಿಂತುಹೋದರೆ ಮಾತ್ರ ಎಲ್ಲರಿಗೂ ನಮ್ಮ ಫೋನ್ ನಂಬರು ನೆನಪಾಗುತ್ತೆ :)

ಹಾಗಾಗಿ ಅಮೆರಿಕದ ಅಂತರ್ಯುದ್ಧದ ಬಗ್ಗೆ ಓದುತ್ತಾ ಹೋದಾಗ ಲಿಂಕನ್, ಗ್ರಾಂಟ್, ಲೀ ಇವರಿಗಿಂತ ಹೆಚ್ಚು ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾಂಟ್ಗೊಮರಿ ಮೆಗ್ಸ್ ಅನ್ನೋ ಒಬ್ಬ ಮನುಷ್ಯ. 1861ರಿಂದ 1865ರವರೆಗೆ ಉತ್ತರದ ಸೈನ್ಯದ ಕ್ವಾರ್ಟರ್‌ಮಾಸ್ಟರ್ ಜನರಲ್. ಬಟ್ಟೆ, ಬೂಟು, ಡೇರೆ, ಕುದುರೆ, ಹೇಸರಗತ್ತೆ, ಗಾಡಿ, ಹಡಗು, ರೈಲು, ಹುಲ್ಲು ಎಲ್ಲ ಇವನ ಜವಾಬ್ದಾರಿ. ಸೈನಿಕರ ಊಟ ಕೊಳ್ಳೋದು ಬೇರೊಂದು ಇಲಾಖೆ, ಮದ್ದುಗುಂಡು ಮತ್ತೊಂದು ಇಲಾಖೆ. ಆದರೆ ಅವನ್ನೂ ಸಾಗಿಸಿ ಸೈನಿಕನ ಕೈಗೆ ಮುಟ್ಟಿಸಬೇಕಾದ್ದು ಮೆಗ್ಸ್‌ನ ಗಾಡಿಗಳೇ.

ಮನುಷ್ಯ ಮೂಲತಃ ಎಂಜಿನಿಯರ್. ಹುಟ್ಟಿದ್ದು 1816ರಲ್ಲಿ, ದಕ್ಷಿಣದ ಜಾರ್ಜಿಯಾದ ಆಗಸ್ಟಾದಲ್ಲಿ. ಬೆಳೆದದ್ದು ಫಿಲಡೆಲ್ಫಿಯಾದಲ್ಲಿ. ಅಪ್ಪ ಆ ಕಾಲದ ಪ್ರಸಿದ್ಧ ಹೆರಿಗೆ ಡಾಕ್ಟರು. ಬಾಣಂತಿ ಜ್ವರ ವೈದ್ಯರ ಕೈಯಿಂದಲೇ ಹರಡುತ್ತೆ ಅನ್ನೋ ವಾದವನ್ನು ಕಡೆಯವರೆಗೂ ಒಪ್ಪದೆ ಹಟ ಹಿಡಿದವರು. ಮಗನಿಗೂ ಹಟ ಬಳುವಳಿಯಾಗಿ ಬಂದಿತ್ತು, ಆದರೆ ಇವನು ಅದನ್ನು ಸ್ವಲ್ಪ ಒಳ್ಳೆಯ ಕಡೆ ಬಳಸಿದ ಅನ್ನಬಹುದು. ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಿಂದ 1836ರಲ್ಲಿ ಹೊರಬಂದ. ಮರುವರ್ಷವೇ ಮಿಸಿಸಿಪ್ಪಿ ನದಿಯ ಸರ್ವೆ ಕೆಲಸ ಸಿಕ್ಕಿತು. ಅಲ್ಲಿ ಇವನ ಮೇಲಧಿಕಾರಿ ಯಾರು ಗೊತ್ತಾ? ರಾಬರ್ಟ್ ಇ. ಲೀ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತೆ.

1850ರ ದಶಕದಲ್ಲಿ ಮೆಗ್ಸ್ ವಾಷಿಂಗ್ಟನ್ ಊರಿಗೆ ಕುಡಿಯುವ ನೀರು ತರುವ ಕಾಲುವೆ ಕಟ್ಟಿಸಿದ. ಅದರ ದಾರಿಯಲ್ಲಿ ಕ್ಯಾಬಿನ್ ಜಾನ್ ಅನ್ನೋ ಕಡೆ 220 ಅಡಿ ಅಗಲದ ಒಂದೇ ಕಮಾನಿನ ಕಲ್ಲಿನ ಸೇತುವೆ ಇದೆ. 1903ರವರೆಗೆ ಪ್ರಪಂಚದಲ್ಲಿ ಅಷ್ಟು ದೊಡ್ಡ ಕಲ್ಲಿನ ಕಮಾನು ಇನ್ನೊಂದಿರಲಿಲ್ಲ. ಅದೇ ಹೊತ್ತಿಗೆ ಸಂಸತ್ ಭವನದ ಹೊಸ ರೆಕ್ಕೆಗಳು, ಆ ಪ್ರಸಿದ್ಧ ಕಬ್ಬಿಣದ ಗುಮ್ಮಟ ಇವುಗಳ ಉಸ್ತುವಾರಿಯೂ ಇವನದೇ. ಈ ಕೆಲಸಗಳನ್ನು ಕೊಟ್ಟು ಬೆನ್ನು ತಟ್ಟಿದವನು ಆಗಿನ ಯುದ್ಧಮಂತ್ರಿ ಜೆಫರ್ಸನ್ ಡೇವಿಸ್. ಮುಂದೆ ದಕ್ಷಿಣದ ರಾಜ್ಯಗಳು ಸಿಡಿದೆದ್ದಾಗ ಅವುಗಳ ಅಧ್ಯಕ್ಷನಾದವನು ಇದೇ ಡೇವಿಸ್. ಸೇತುವೆ ಮೇಲೆ ಕೆತ್ತಿದ್ದ ಅವನ ಹೆಸರನ್ನು 1862ರಲ್ಲಿ ಉಳಿ ತಗೊಂಡು ಅಳಿಸಿಹಾಕಿದರಂತೆ. ಮೆಗ್ಸ್‌ಗೂ ತನ್ನ ಹೆಸರಿನ ಹುಚ್ಚು ಕಡಿಮೆ ಇರಲಿಲ್ಲ, ತಾನು ಕಟ್ಟಿಸಿದ ನೀರಿನ ಕಾಮಗಾರಿಯ ಕಬ್ಬಿಣದ ಸಾಮಾನುಗಳ ಮೇಲೆಲ್ಲ ಹೆಸರು ಅಚ್ಚು ಹಾಕಿಸಿಬಿಟ್ಟಿದ್ದ. ನಾವು ಕೋಡಿನಲ್ಲಿ ಕಾಮೆಂಟ್ ಬರೆದು ಹೆಸರು ಹಾಕ್ಕೊಳ್ಳಲ್ವಾ, ಹಾಗೆ.

ಡೇವಿಸ್ ನಂತರ ಮಂತ್ರಿಯಾದ ಜಾನ್ ಫ್ಲಾಯ್ಡ್‌ಗೂ ಮೆಗ್ಸ್‌ಗೂ ಎಣ್ಣೆ ಸೀಗೆಕಾಯಿ. ಫ್ಲಾಯ್ಡ್‌ಗೆ ತನ್ನ ಕಡೆಯವರಿಗೆ ಗುತ್ತಿಗೆ ಕೊಡಿಸೋ ಆಸೆ, ಮೆಗ್ಸ್ ಒಪ್ಪಲ್ಲ. ಕೊನೆಗೆ ಏನಾಯ್ತು ಅಂದರೆ, ನಮ್ಮಲ್ಲೂ ಆಗುವ ಹಾಗೆ, ಟ್ರಾನ್ಸ್‌ಫರ್! 1860ರಲ್ಲಿ ಫ್ಲೋರಿಡಾದಾಚೆ ಸಮುದ್ರದ ನಡುವಿನ ಡ್ರೈ ಟಾರ್ಟುಗಸ್ ಅನ್ನೋ ದ್ವೀಪದ ಕೋಟೆಗೆ ಎತ್ತಿಹಾಕಿದರು. ಕೆಲವೇ ತಿಂಗಳಲ್ಲಿ ಹಗರಣದಲ್ಲಿ ಸಿಕ್ಕಿ ಫ್ಲಾಯ್ಡ್ ರಾಜೀನಾಮೆ ಕೊಟ್ಟು ಹೋದ, ಮೆಗ್ಸ್ 1861ರ ಫೆಬ್ರವರಿಯಲ್ಲಿ ರಾಜಧಾನಿಗೆ ವಾಪಸ್ ಬಂದ.

ಅಷ್ಟರಲ್ಲಿ ದೇಶ ಎರಡು ಹೋಳಾಗಿತ್ತು. ಅದುವರೆಗೆ ಕ್ವಾರ್ಟರ್‌ಮಾಸ್ಟರ್ ಜನರಲ್ ಆಗಿದ್ದ ಜೋಸೆಫ್ ಜಾನ್ಸ್‌ಟನ್ ರಾಜೀನಾಮೆ ಕೊಟ್ಟು ದಕ್ಷಿಣಕ್ಕೆ ಹೋಗಿಬಿಟ್ಟ. ಮೆಗ್ಸ್‌ನ ಸ್ವಂತ ತಮ್ಮ ಹೆನ್ರಿ ಕೂಡ ಜಾರ್ಜಿಯಾದಲ್ಲೇ ಉಳಿದು ಆ ಪಕ್ಷ ಸೇರಿದ. ಖಾಲಿಯಾದ ಕುರ್ಚಿಗೆ ಮೆಗ್ಸ್‌ನನ್ನು ಕೂರಿಸಬೇಕು ಅಂತ ಲಿಂಕನ್‌ಗೆ ಮನಸ್ಸು. ಬುದ್ಧಿ, ಓದು, ಅನುಭವ, ದುಡಿಯುವ ತಾಕತ್ತು ಇವೆಲ್ಲ ಒಬ್ಬನಲ್ಲೇ ಇಷ್ಟು ಕೂಡಿರೋದನ್ನು ತಾನು ಬೇರೆಲ್ಲೂ ಕಂಡಿಲ್ಲ ಅನ್ನೋ ಅರ್ಥದ ಕಾಗದವನ್ನೇ ಬರೆದ. ಹೀಗೆ ವರ್ಷದ ಆರಂಭದಲ್ಲಿ ಬರೀ ಕ್ಯಾಪ್ಟನ್ ಆಗಿದ್ದವನು 45ನೇ ವಯಸ್ಸಿಗೆ ಬ್ರಿಗೇಡಿಯರ್ ಜನರಲ್.

ಕುರ್ಚಿಯೇನೋ ಸಿಕ್ಕಿತು, ಆದರೆ ಇಲಾಖೆ ಅಂತ ಇದ್ದದ್ದು ಅಷ್ಟರಲ್ಲೇ. ಯುದ್ಧಕ್ಕೆ ಮುಂಚೆ ಇಡೀ ದೇಶದ ಸೈನ್ಯ ಸುಮಾರು 16 ಸಾವಿರ ಜನ. ಕೆಲವೇ ತಿಂಗಳಲ್ಲಿ ಅದು ಲಕ್ಷಗಳಿಗೆ ಏರಿತು. ಬಟ್ಟೆ ಇಲ್ಲ, ಬೂಟಿಲ್ಲ, ಹೊದಿಕೆ ಇಲ್ಲ. ಒಂದೊಂದು ರಾಜ್ಯದವರು ಒಂದೊಂದು ಬಣ್ಣದ ಸಮವಸ್ತ್ರದಲ್ಲಿ ಬಂದರು. ಮೊದಲ ದೊಡ್ಡ ಕಾಳಗ ಬುಲ್ ರನ್‌ನಲ್ಲಿ ಎರಡೂ ಕಡೆ ಬೂದಿ, ಎರಡೂ ಕಡೆ ನೀಲಿ, ಯಾರು ನಮ್ಮವರು ಯಾರು ಪರರು ಅಂತ ಗೊತ್ತಾಗದೆ ಒದ್ದಾಟ. ಅವಸರಕ್ಕೆ ಮೆಗ್ಸ್ ಫ್ರಾನ್ಸಿನಿಂದ ಹತ್ತು ಸಾವಿರ ಜೊತೆ ಸಮವಸ್ತ್ರ ತರಿಸಿದ. ಬಂದು ನೋಡಿದರೆ ಅಮೆರಿಕದವರ ಮೈಗೆ ಅವು ಚಿಕ್ಕವು.

ಈ ಗೊಂದಲದಲ್ಲಿ ಹಬ್ಬ ಆಗಿದ್ದು ಗುತ್ತಿಗೆದಾರರಿಗೆ. ಹಳೆ ಚಿಂದಿ ಬಟ್ಟೆಯನ್ನು ಅರೆದು ಮತ್ತೆ ನೂಲು ಮಾಡಿ ನೇಯ್ದ ಬಟ್ಟೆಗೆ ಶಾಡಿ ಅಂತ ಹೆಸರು. ಅಂಥ ಬಟ್ಟೆಯ ಕೋಟು ಒಂದು ದೊಡ್ಡ ಮಳೆಗೆ ಪಿಸಿದುಹೋಗುತ್ತಿತ್ತು. ಇಂಗ್ಲಿಷಿನಲ್ಲಿ ಕಳಪೆ ಅನ್ನೋದಕ್ಕೆ ಈಗಲೂ ಬಳಸೋ ಶಾಡಿ ಅನ್ನೋ ಮಾತು ಆ ಬಟ್ಟೆಯಿಂದಲೇ ಬಂದದ್ದು. ಕುರುಡು ಕುದುರೆ, ರೋಗದ ಕುದುರೆ ಮಾರಿದವರೂ ಇದ್ದರು. ರಾಜ್ಯ ಸರ್ಕಾರಗಳೂ ಕೇಂದ್ರವೂ ಒಂದೇ ಸರಕಿಗೆ ಪೈಪೋಟಿ ನಡೆಸಿ ತಾವೇ ಬೆಲೆ ಏರಿಸಿಕೊಂಡವು. ಸೇಂಟ್ ಲೂಯಿಸ್‌ನಲ್ಲಿ ಇವನದೇ ಇಲಾಖೆಯ ಮೆಕಿನ್‌ಸ್ಟ್ರಿ ಅನ್ನೋ ಅಧಿಕಾರಿ ತನ್ನ ಮೆಚ್ಚಿನ ವ್ಯಾಪಾರಿಗಳಿಗೆ ಖಜಾನೆಯನ್ನೇ ತೆರೆದಿಟ್ಟಿದ್ದ. 1861ರ ಸೆಪ್ಟೆಂಬರಿನಲ್ಲಿ ಮೆಗ್ಸ್ ಖುದ್ದಾಗಿ ಅಲ್ಲಿಗೆ ಹೋಗಿ ಪರಿಸ್ಥಿತಿ ನೋಡಿಬಂದ. ಕೋರ್ಟ್ ಮಾರ್ಷಲ್ ಆಗಿ 1863ರ ಜನವರಿಯಲ್ಲಿ ಮೆಕಿನ್‌ಸ್ಟ್ರಿ ವಜಾ ಆದ. ಟೆಂಡರ್ ಕರೆಯಬೇಕು, ಕಡಿಮೆ ಬೆಲೆಯವನಿಗೇ ಕೊಡಬೇಕು, ಸರಕನ್ನು ಪರೀಕ್ಷೆ ಮಾಡಿಯೇ ತಗೋಬೇಕು, ರಸೀದಿ ಇರಬೇಕು. ಇವಿಷ್ಟನ್ನೇ ಮೆಗ್ಸ್ ಜಪದ ಹಾಗೆ ಹೇಳುತ್ತಾ ಹೋದ. ಕೇಳೋಕೆ ಬೋರ್ ಅನ್ನಿಸುತ್ತೆ. ಆದರೆ ಯುದ್ಧ ಮುಗಿಯೋ ಹೊತ್ತಿಗೆ ಇವನ ಇಲಾಖೆ ಖರ್ಚು ಮಾಡಿದ್ದು ಸುಮಾರು 150 ಕೋಟಿ ಡಾಲರ್, 1860ರ ದಶಕದ ಡಾಲರ್! ಅಷ್ಟು ದುಡ್ಡು ಕೈಮೇಲೆ ಹರಿದರೂ ಇವನ ಸ್ವಂತ ಪ್ರಾಮಾಣಿಕತೆ ಮೇಲೆ ಕಲೆ ಹತ್ತಲಿಲ್ಲ. ನಮ್ಮ ಕಾಲದ ಒಂದೊಂದು ಸೇತುವೆಯ ಲೆಕ್ಕ ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತೆ.

ಈಗ ನಾನು ಕಾಗದ ಪೆನ್ಸಿಲ್ ಹಿಡಿದು ಕೂತ ಭಾಗಕ್ಕೆ ಬರ್ತೀನಿ. ಆ ಸೈನ್ಯದಲ್ಲಿ ಒಂದು ಕುದುರೆಗೆ ದಿನಕ್ಕೆ 14 ಪೌಂಡ್ ಒಣಹುಲ್ಲು, 12 ಪೌಂಡ್ ಕಾಳು ಅಂತ ನಿಗದಿ, ಅಂದರೆ ಹತ್ತಿರ ಹತ್ತಿರ 12 ಕೆಜಿ. ಹೇಸರಗತ್ತೆಗೆ ಸ್ವಲ್ಪ ಕಮ್ಮಿ, ಹತ್ತೂವರೆ ಕೆಜಿ. ಮನುಷ್ಯನ ಊಟ ದಿನಕ್ಕೆ ಒಂದೂವರೆ ಕೆಜಿಯೊಳಗೆ ಮುಗಿಯುತ್ತೆ. ಆರು ಹೇಸರಗತ್ತೆಯ ಒಂದು ಗಾಡಿ ಕೆಟ್ಟ ರಸ್ತೆಯಲ್ಲಿ 1100 ಕೆಜಿ ಎಳೆಯುತ್ತೆ ಅಂತಿಟ್ಟುಕೊಳ್ಳಿ. ಆ ಆರೂ ಸೇರಿ ದಿನಕ್ಕೆ 63 ಕೆಜಿ ತಿಂತವೆ. ಸೈನ್ಯ ಐದು ದಿನದ ದಾರಿಯಲ್ಲಿದ್ದರೆ ಹೋಗಿಬರೋಕೆ ಹತ್ತು ದಿನ, ಮೇವೇ 630 ಕೆಜಿ. ಅಲ್ಲಿಗೆ ಮುಟ್ಟಿಸಬಹುದಾದ್ದು 470 ಕೆಜಿ ಮಾತ್ರ. ಒಂಬತ್ತು ದಿನದ ದಾರಿ ಆದರೆ? ಗಾಡಿ ಎಳೆದದ್ದನ್ನೆಲ್ಲ ಎಳೆದವೇ ತಿಂದು ಮುಗಿಸಿರ್ತವೆ! ಅಲ್ಲಿಂದಾಚೆಗೆ ಎಷ್ಟು ಗಾಡಿ ಸೇರಿಸಿದರೂ ಒಂದು ಕಾಳೂ ಹೆಚ್ಚಿಗೆ ಮುಟ್ಟೋದಿಲ್ಲ. ಹಾರ್ಡ್‌ವೇರ್ ಸೇರಿಸಿ ಎಲ್ಲ ಸರಿಮಾಡ್ತೀವಿ ಅನ್ನೋ ಮ್ಯಾನೇಜರುಗಳಿಗೆ ಈ ಲೆಕ್ಕ ತೋರಿಸಬೇಕು ಅಂತ ನನಗೆ ತುಂಬಾ ಆಸೆ.

ಇದಕ್ಕೆ ಇದ್ದ ದಾರಿ ಎರಡೇ, ನೀರು ಮತ್ತು ರೈಲು. 1862ರ ವಸಂತದಲ್ಲಿ ಒಂದು ಲಕ್ಷ ಇಪ್ಪತ್ತು ಸಾವಿರ ಜನ, ಸುಮಾರು 15 ಸಾವಿರ ಪ್ರಾಣಿಗಳು, ಸಾವಿರಕ್ಕೂ ಹೆಚ್ಚು ಗಾಡಿಗಳನ್ನು ಸುಮಾರು 400 ಹಡಗು ದೋಣಿಗಳಲ್ಲಿ ತುಂಬಿ ವರ್ಜೀನಿಯಾದ ತುದಿಗೆ ಸಾಗಿಸಿದರು. 1864ರಲ್ಲಿ ಶರ್ಮನ್ ಅಟ್ಲಾಂಟಾ ಕಡೆ ಹೋದಾಗ ಅವನ ಒಂದು ಲಕ್ಷ ಜನ, 35 ಸಾವಿರ ಪ್ರಾಣಿಗಳು ಬದುಕಿದ್ದು 473 ಮೈಲಿ ಉದ್ದದ ಒಂದೇ ಒಂದು ರೈಲು ಹಳಿಯ ಮೇಲೆ. ದಿನಕ್ಕೆ ತಲಾ ಹತ್ತು ಟನ್ನಿನ 160 ಡಬ್ಬಿ ಬರುತ್ತಿದ್ದವು. ಅಷ್ಟೇ ಸಾಮಾನನ್ನು ಗಾಡಿಯಲ್ಲಿ ತರಬೇಕಾಗಿದ್ದರೆ ಆರಾರು ಹೇಸರಗತ್ತೆಯ 36,800 ಗಾಡಿ ಬೇಕಿತ್ತು, ಅದು ಆಗದ ಮಾತು ಅಂತ ಶರ್ಮನ್ನೇ ಆಮೇಲೆ ಲೆಕ್ಕ ಕೊಟ್ಟಿದ್ದಾನೆ.

ದಾರಿ ಮುಚ್ಚಿದರೆ ಏನಾಗುತ್ತೆ ಅನ್ನೋದನ್ನು ಮೆಗ್ಸ್ ಕಣ್ಣಾರೆ ಕಂಡದ್ದು 1863ರಲ್ಲಿ, ಚಾಟನೂಗದಲ್ಲಿ. ಸೆಪ್ಟೆಂಬರಿನಲ್ಲಿ ಚಿಕಮಾಗ ಅನ್ನೋ ಕಡೆ ಸೋತ ಉತ್ತರದ ಸೈನ್ಯ (ಈ ಹೆಸರು ಕೇಳಿದಾಗೆಲ್ಲ ನನಗೆ ನಮ್ಮ ಚಿಕ್ಕಮಗಳೂರು ನೆನಪಾಗುತ್ತೆ, ಕ್ಷಮಿಸಿ) ಈ ಊರಿಗೆ ಬಂದು ಸಿಕ್ಕಿಹಾಕಿಕೊಂಡಿತು. ಸುತ್ತಲಿನ ಗುಡ್ಡಗಳ ಮೇಲೆ ಶತ್ರು. ರೈಲೂ ನದಿಯೂ ಅವರ ತೋಪಿನ ಕೆಳಗೆ. ಉಳಿದದ್ದು ಬೆಟ್ಟದ ಮೇಲೆ ಸುಮಾರು 60 ಮೈಲಿ ಸುತ್ತಿಬರುವ ಕೆಸರು ದಾರಿ. ಅಕ್ಟೋಬರ್ 2ರಂದು ಆ ದಾರಿಯಲ್ಲೂ ಶತ್ರುಗಳ ಕುದುರೆ ದಂಡು ನುಗ್ಗಿ ನೂರಾರು ಗಾಡಿಗಳನ್ನು ಸುಟ್ಟುಹಾಕಿತು. ಮೇಲೆ ಬರೆದ ಲೆಕ್ಕ ಅಲ್ಲಿ ಕಾಗದದಿಂದ ಎದ್ದು ಬಂದಿತ್ತು. ಹತ್ತು ಸಾವಿರದಷ್ಟು ಕುದುರೆ, ಹೇಸರಗತ್ತೆಗಳು ಹಸಿವಿನಿಂದ ಸತ್ತುಬಿದ್ದವು. ಸೈನಿಕರಿಗೆ ಅರ್ಧ ಊಟ, ಆಮೇಲೆ ಕಾಲು ಊಟ. ಪ್ರಾಣಿಗಳಿಗೆ ಹಾಕಿದ ಜೋಳದ ಕಾಳು ನೆಲಕ್ಕೆ ಬಿದ್ದರೆ ಸೈನಿಕರು ಆರಿಸಿ ತಿನ್ನುವ ಸ್ಥಿತಿ.

ಯುದ್ಧಮಂತ್ರಿ ಮೆಗ್ಸ್‌ನನ್ನು ಅಲ್ಲಿಗೇ ಕಳಿಸಿದ್ದ. ಕೆಳಗೆ ಬ್ರಿಜ್‌ಪೋರ್ಟ್ ಅನ್ನೋ ಕಡೆ ಇವನ ಇಲಾಖೆಯವರು ಒಂದು ಚಪ್ಪಟೆ ತಳದ ದೋಣಿಗೆ ಉಗಿ ಯಂತ್ರ ಕೂರಿಸಿ ಸ್ಟೀಮರ್ ಅನ್ನೋ ಹೆಸರಿನ ಏನೋ ಒಂದನ್ನು ಕಟ್ಟಿದರು. ಅಕ್ಟೋಬರ್ 23ಕ್ಕೆ ಗ್ರಾಂಟ್ ಬಂದ. 26ರ ರಾತ್ರಿ ಸೈನಿಕರು ಕತ್ತಲಲ್ಲಿ ಸದ್ದಿಲ್ಲದೆ ದೋಣಿಗಳಲ್ಲಿ ತೇಲಿಹೋಗಿ ಬೆಳಗಾಗೋ ಹೊತ್ತಿಗೆ ಬ್ರೌನ್ಸ್ ಫೆರಿ ಹಿಡಿದರು. 30ನೇ ತಾರೀಕು ಆ ಗುಜರಿಯಂಥ ಸ್ಟೀಮರು ಎರಡು ದೋಣಿಗಳನ್ನು ಎಳೆದುಕೊಂಡು, ನಲವತ್ತು ಸಾವಿರ ಊಟಕ್ಕಾಗುವಷ್ಟು ಸಾಮಾನು ಹೊತ್ತು ಬಂತು. ಕಲ್ಲಿನಂಥ ಬಿಸ್ಕತ್ತೇ ಅದರಲ್ಲಿ ಮುಖ್ಯ. ಸೈನಿಕರು ಆ ದಾರಿಗೆ ಕ್ರ್ಯಾಕರ್ ಲೈನ್ ಅಂತಲೇ ಹೆಸರಿಟ್ಟರು. ತಿಂಗಳೊಳಗೆ ಅದೇ ಹಸಿದ ಸೈನ್ಯ ಎದುರಿನ ಗುಡ್ಡ ಹತ್ತಿ ಶತ್ರುವನ್ನು ಓಡಿಸಿತು. ಇತಿಹಾಸದ ಪುಸ್ತಕಗಳಲ್ಲಿ ಗುಡ್ಡ ಹತ್ತಿದ್ದಕ್ಕೆ ಪುಟಗಟ್ಟಲೆ, ಸ್ಟೀಮರಿಗೆ ನಾಲ್ಕು ಸಾಲು. ಇರಲಿ ಬಿಡಿ.

ಈ ಯುದ್ಧದ ಬಿಸಿ ನಮ್ಮ ಕಡೆಗೂ ತಟ್ಟಿತ್ತು ಅನ್ನೋದನ್ನು ಇಲ್ಲೇ ಹೇಳಿಬಿಡ್ತೀನಿ. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿದ್ದರಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗಲಿಲ್ಲ. ಅವರ ಕಣ್ಣು ಬಿದ್ದದ್ದು ಧಾರವಾಡ ಸೀಮೆಯ ಹತ್ತಿಯ ಮೇಲೆ. ಬೆಲೆ ಆಕಾಶಕ್ಕೇರಿತು. ಕಾರವಾರವನ್ನು ಹತ್ತಿ ಸಾಗಿಸುವ ಬಂದರು ಮಾಡೋ ಆಸೆಗೆ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಘಟ್ಟ ಇಳಿದು ಕುಮಟಾ ಕಡೆ ಹೋಗುತ್ತಿದ್ದ ಹತ್ತಿ ಗಾಡಿಗಳ ಎತ್ತುಗಳಿಗೂ ದಾರಿಯಲ್ಲಿ ಮೇವು ಬೇಕಿತ್ತಲ್ಲ, ಅದೇ ಲೆಕ್ಕ. 1865ಕ್ಕೆ ಯುದ್ಧ ನಿಂತಿತು, ಹತ್ತಿ ಬೆಲೆ ಬಿತ್ತು.

ಮೆಗ್ಸ್ ಬರೀ ಒಳ್ಳೆಯವನು ಅಂತ ಬರೆದರೆ ಸುಳ್ಳಾಗುತ್ತೆ. ಅವನ ಇಲಾಖೆ ದಾಸ್ಯದಿಂದ ತಪ್ಪಿಸಿಕೊಂಡು ಬಂದ ಸಾವಿರಾರು ಕಪ್ಪು ಜನರನ್ನು ಗಾಡಿ ಹೊಡೆಯೋಕೆ, ಹಡಗಿಗೆ ಮಾಲು ತುಂಬೋಕೆ ಕೆಲಸಕ್ಕೆ ತಗೊಂಡಿತು. ಅವರಿಲ್ಲದೆ ಆ ಬಂದರುಗಳು ನಡೆಯುತ್ತಿರಲಿಲ್ಲ. ಆದರೆ ವಾಷಿಂಗ್ಟನ್ ಸುತ್ತಮುತ್ತ ಅವರ 25 ಡಾಲರ್ ತಿಂಗಳ ಸಂಬಳದಲ್ಲಿ 5 ಡಾಲರ್ ಹಿಡಿದುಕೊಳ್ಳುತ್ತಿದ್ದರು, ದುಡಿಯಲಾಗದ ನಿರಾಶ್ರಿತರ ಖರ್ಚಿಗೆ ಅನ್ನೋ ಹೆಸರಲ್ಲಿ. ಬಿಳಿಯ ಕೆಲಸಗಾರನಿಗೆ ಈ ಕಡಿತ ಇಲ್ಲ. ಫಿಲಡೆಲ್ಫಿಯಾದಲ್ಲಿ ಸಮವಸ್ತ್ರ ಹೊಲಿಯುತ್ತಿದ್ದ ಹೆಂಗಸರ ಕಥೆಯೂ ಅಷ್ಟೇ. ಅವರಲ್ಲಿ ಎಷ್ಟೋ ಜನ ಯುದ್ಧಕ್ಕೆ ಹೋದವರ ಹೆಂಡತಿ, ತಾಯಿ. ಸರ್ಕಾರಿ ಆರ್ಸೆನಲ್‌ನಲ್ಲಿ ನೇರ ಕೆಲಸ ಸಿಕ್ಕರೆ ಒಂದು ದರ, ಅದೇ ಬಟ್ಟೆಯನ್ನು ಗುತ್ತಿಗೆದಾರನ ಮೂಲಕ ಹೊಲಿದರೆ ಅದಕ್ಕಿಂತ ಕಡಿಮೆ. ಕಡಿಮೆ ಬೆಲೆಯವನಿಗೇ ಗುತ್ತಿಗೆ ಅನ್ನೋ ಮೆಗ್ಸ್‌ನ ಪ್ರಾಮಾಣಿಕ ನಿಯಮ ಕೊನೆಗೆ ಆ ಹೆಂಗಸರ ಹೊಟ್ಟೆ ಮೇಲೆ ಹೊಡೆಯಿತು. 1865ರ ಜನವರಿಯಲ್ಲಿ ಅವರ ನಿಯೋಗ ಲಿಂಕನ್‌ನನ್ನೇ ಕಂಡು ದೂರಿತು. ಟೆಂಡರ್ ಅಂದರೆ ನ್ಯಾಯ ಅಂತ ನಂಬಿದ್ದ ನನಗೆ ಈ ಭಾಗ ಓದಿ ಸುಮ್ಮನೆ ಕೂರುವ ಹಾಗಾಯ್ತು.

ಇನ್ನು ಲೀ ವಿಷಯ. ಪೋಟೋಮಾಕ್ ನದಿಯಾಚೆ ಗುಡ್ಡದ ಮೇಲೆ ಆರ್ಲಿಂಗ್ಟನ್ ಅನ್ನೋ ದೊಡ್ಡ ಮನೆ, ಲೀ ಹೆಂಡತಿಯ ಕಡೆಯ ಆಸ್ತಿ. ಲೀ ದಕ್ಷಿಣದ ಸೇನಾಪತಿಯಾದ ಮೇಲೆ ಅದು ಸರ್ಕಾರದ ವಶ. ಸತ್ತ ಸೈನಿಕರನ್ನು ಹೂಳೋದೂ ಕ್ವಾರ್ಟರ್‌ಮಾಸ್ಟರ್ ಇಲಾಖೆಯ ಕೆಲಸವೇ. 1864ರಲ್ಲಿ ಗ್ರಾಂಟ್‌ನ ಭಯಾನಕ ಕದನಗಳಿಂದ ರಾಜಧಾನಿಯ ಸ್ಮಶಾನಗಳು ತುಂಬಿಹೋದವು. ಜೂನಿನಲ್ಲಿ ಮೆಗ್ಸ್ ಸೂಚಿಸಿದ ಜಾಗ ಆರ್ಲಿಂಗ್ಟನ್. ಹೂಳುವವರು ಮನೆಯಿಂದ ದೂರದಲ್ಲಿ ಹೂಳುತ್ತಿದ್ದಾರೆ ಅಂತ ತಿಳಿದಾಗ ಸಿಟ್ಟಾಗಿ, ಶ್ರೀಮತಿ ಲೀಯ ಗುಲಾಬಿ ತೋಟದ ಅಂಚಿಗೇ ಅಧಿಕಾರಿಗಳ ಸಮಾಧಿ ಮಾಡಿಸಿದ. ಮತ್ತೆ ಯಾರೂ ಆ ಮನೆಯಲ್ಲಿ ಸಂಸಾರ ಮಾಡಬಾರದು ಅನ್ನೋ ಲೆಕ್ಕ. ಒಂದು ಕಾಲದಲ್ಲಿ ನದಿಯ ಮೇಲೆ ಜೊತೆಗೆ ಕೆಲಸ ಮಾಡಿದ ಹಿರಿಯನ ಮನೆ! ದೇಶದ್ರೋಹ ಅನ್ನೋದು ಮೆಗ್ಸ್‌ಗೆ ರಾಜಕೀಯ ಭಿನ್ನಾಭಿಪ್ರಾಯ ಆಗಿರಲಿಲ್ಲ, ಅದು ಪಾಪ.

ಅದೇ ವರ್ಷ ಅಕ್ಟೋಬರ್ 3ರಂದು ಇವನ ಮಗ ಜಾನ್, 22 ವರ್ಷದ ಎಂಜಿನಿಯರ್ ಲೆಫ್ಟಿನೆಂಟ್, ವರ್ಜೀನಿಯಾದ ಡೇಟನ್ ಹತ್ತಿರ ಸಂಜೆ ಹೊತ್ತಿನಲ್ಲಿ ಎದುರಾದ ಶತ್ರು ಸವಾರರ ಗುಂಡಿಗೆ ಸತ್ತ. ಅದು ಎರಡೂ ಕಡೆಯವರು ಗುಂಡು ಹಾರಿಸಿದ ಚಕಮಕಿ ಅಂತ ಆಮೇಲೆ ಸಾಕ್ಷಿ ಬಂದರೂ, ಅಪ್ಪ ಅದನ್ನು ಕೊಲೆ ಅಂತಲೇ ಕಡೆಯವರೆಗೆ ನಂಬಿದ. ಮಗ ಸತ್ತ ಮೇಲೂ ಮೆಗ್ಸ್ ಕೆಲಸ ನಿಲ್ಲಿಸಲಿಲ್ಲ. ಆ ಡಿಸೆಂಬರಿನಲ್ಲಿ ಶರ್ಮನ್‌ನ 62 ಸಾವಿರ ಸೈನಿಕರು ಜಾರ್ಜಿಯಾ ದಾಟಿ ಸಮುದ್ರದ ದಡಕ್ಕೆ ಎಲ್ಲಿ ಬಂದು ಮುಟ್ಟುತ್ತಾರೆ ಅಂತ ಖಚಿತ ಇಲ್ಲದಿದ್ದರೂ ಬಟ್ಟೆ, ಬೂಟು, ಡೇರೆ ತುಂಬಿದ ಹಡಗುಗಳು ಕರಾವಳಿಯಲ್ಲಿ ಕಾದಿದ್ದವು.

ಎದುರು ಪಕ್ಷದಲ್ಲಿ ಇದರ ತದ್ವಿರುದ್ಧ. 1865ರ ಏಪ್ರಿಲ್ 4ರಂದು ಹಿಮ್ಮೆಟ್ಟುತ್ತಿದ್ದ ಲೀ, ಅಮಿಲಿಯಾ ಕೋರ್ಟ್‌ಹೌಸ್ ಅನ್ನೋ ರೈಲು ನಿಲ್ದಾಣಕ್ಕೆ ಬಂದ. ತನ್ನ ಜನಕ್ಕೆ ಅಲ್ಲಿ ಊಟದ ಸಾಮಾನು ಕಾದಿದೆ ಅಂದುಕೊಂಡಿದ್ದ. ಡಬ್ಬಿಗಳನ್ನು ತೆರೆದರೆ ಒಳಗೆ ಮದ್ದುಗುಂಡು. ಸುತ್ತಲ ಹಳ್ಳಿಗಳಲ್ಲಿ ಕಾಳು ಹುಡುಕೋಕೆ ಒಂದು ದಿನ ಕಳೆದುಹೋಯ್ತು, ಗ್ರಾಂಟ್ ಹತ್ತಿರ ಬಂದುಬಿಟ್ಟ. ಐದು ದಿನಕ್ಕೆ ಶರಣಾಗತಿ. ಶರಣಾದ ದಿನ ಲೀ ಕೇಳಿಕೊಂಡದ್ದು ತನ್ನವರಿಗೆ ಊಟ. ಗ್ರಾಂಟ್ 25 ಸಾವಿರ ಜನರ ಪಡಿತರ ಕಳಿಸಿದ.

ಯುದ್ಧ ಮುಗಿದ ಮೇಲೂ ಮೆಗ್ಸ್ 1882ರವರೆಗೆ ಅದೇ ಕುರ್ಚಿಯಲ್ಲಿದ್ದ. ಬೇರೆ ಬೇರೆ ರಣರಂಗಗಳಲ್ಲಿ ಅವಸರದಲ್ಲಿ ಹೂತಿದ್ದವರನ್ನು ಹುಡುಕಿ ತೆಗೆದು 1870ರ ಹೊತ್ತಿಗೆ ಸುಮಾರು ಮೂರು ಲಕ್ಷ ಸೈನಿಕರಿಗೆ ರಾಷ್ಟ್ರೀಯ ಸ್ಮಶಾನಗಳಲ್ಲಿ ಜಾಗ ಕೊಟ್ಟದ್ದು ಇವನ ಇಲಾಖೆ. ಗುರುತೇ ಸಿಗದ 2,111 ಜನರ ಎಲುಬುಗಳನ್ನು 1866ರಲ್ಲಿ ಆರ್ಲಿಂಗ್ಟನ್ನಿನ ಅದೇ ತೋಟದಲ್ಲಿ ಒಂದೇ ಸಮಾಧಿಯಲ್ಲಿಟ್ಟರು. 1882ರಲ್ಲಿ ಸುಪ್ರೀಂ ಕೋರ್ಟು ಆಸ್ತಿ ಲೀ ಮಗನಿಗೇ ಸೇರಬೇಕು ಅಂತ ತೀರ್ಪು ಕೊಟ್ಟಿತು. ಅಷ್ಟು ಗೋರಿಗಳ ನಡುವೆ ಅವನು ತಾನೇ ಏನು ಮಾಡಬೇಕು? ಮರುವರ್ಷ ಒಂದೂವರೆ ಲಕ್ಷ ಡಾಲರಿಗೆ ಸರ್ಕಾರಕ್ಕೇ ಮಾರಿದ.

ನಿವೃತ್ತಿಯ ನಂತರ ಮೆಗ್ಸ್ ಕಟ್ಟಿಸಿದ ಕೊನೆಯ ದೊಡ್ಡ ಕೆಲಸ ವಾಷಿಂಗ್ಟನ್ನಿನ ಪೆನ್ಶನ್ ಬಿಲ್ಡಿಂಗ್. ಗಾಯಾಳು ಸೈನಿಕರ, ವಿಧವೆಯರ ಪಿಂಚಣಿ ಕಚೇರಿ ಅದು, ಈಗ ಮ್ಯೂಸಿಯಂ. ಕೆಂಪು ಇಟ್ಟಿಗೆಯ ಆ ಕಟ್ಟಡದ ಸುತ್ತ 1,200 ಅಡಿ ಉದ್ದಕ್ಕೆ ಸುಟ್ಟ ಮಣ್ಣಿನ ಶಿಲ್ಪದ ಪಟ್ಟಿ ಇದೆ, ಕ್ಯಾಸ್ಪರ್ ಬುಬರ್ಲ್ ಮಾಡಿದ್ದು. ಕಾಲಾಳು, ಕುದುರೆ ಸವಾರರು, ತೋಪು, ನಾವಿಕರು, ಗಾಯಾಳುಗಳು. ಇವರ ಜೊತೆ ಹೇಸರಗತ್ತೆಯ ಗಾಡಿಗಳೂ ಮೆರವಣಿಗೆಯಲ್ಲಿವೆ. ಆ ಗಾಡಿ ಹೊಡೆಯುವವನು ದಾಸ್ಯದಿಂದ ಬಿಡುಗಡೆಯಾದ ಕಪ್ಪು ಮನುಷ್ಯನೇ ಆಗಿರಬೇಕು ಅಂತ ಮೆಗ್ಸ್ ಶಿಲ್ಪಿಗೆ ಪಟ್ಟುಹಿಡಿದು ಹೇಳಿದ್ದ. ಮೆಗ್ಸ್ ಸತ್ತದ್ದು 1892ರ ಜನವರಿ 2ರಂದು. ಆರ್ಲಿಂಗ್ಟನ್ನಿನಲ್ಲೇ ಹೂತಿದ್ದಾರೆ. ಪಕ್ಕದಲ್ಲೇ ಮಗನ ಸಮಾಧಿ, ಅದರ ಮೇಲೆ ಕಂಚಿನ ಚಿಕ್ಕ ವಿಗ್ರಹ: ನೆಲಕ್ಕೆ ಬಿದ್ದ ಹುಡುಗ, ಸುತ್ತ ಕೆಸರಿನಲ್ಲಿ ಕುದುರೆ ಗೊರಸಿನ ಗುರುತುಗಳು.